ಓದದೇ ಉಳಿದಿದ್ದ ತೀರ್ಪು

ಬಸವೇಶ್ವರನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರು ಯಾವತ್ತೂ ನಿಂತಿರಲಿಲ್ಲ. ಅಲ್ಲಿ ನಾನು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅವರು ವಯಸ್ಸಾಗಿ ಕೋರ್ಟಿಗೆ ಹೋಗುವುದನ್ನು ಬಿಟ್ಟ ಮೇಲೆ ನಾನು ಮನೆಯಲ್ಲೇ ಕೆಲಸ ಶುರು ಮಾಡಿದೆ. ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರದ ಅರ್ಜಿ, ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಇವೇ ಹೆಚ್ಚು. ಮಾಹಿತಿ ಹಕ್ಕಿನ ಕಾಯ್ದೆ ಬಂದ ಮೇಲೆ ಅದರ ಅರ್ಜಿಗಳೂ ಬರತೊಡಗಿದ್ದವು.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಐವತ್ತೈದರ ಆಸುಪಾಸಿನ ಗಂಡಸೊಬ್ಬರು ಬಂದರು. ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ಅವರಿಬ್ಬರೂ ಹೋಗುವವರೆಗೆ ಈ ಮನುಷ್ಯ ಗೇಟಿನ ಹೊರಗೆ ಬಿಸಿಲಿನಲ್ಲಿಯೇ ನಿಂತಿದ್ದು, ಆಮೇಲೆ ಒಳಗೆ ಬಂದರು.

“ಒಂದು ಅರ್ಜಿ ಟೈಪ್ ಮಾಡ್ಬೇಕಿತ್ತು ಮೇಡಂ. ಕೋರ್ಟಿಗೆ.”

“ಏನ್ ಕೇಸು?”

“ಕೊಲೆ ಕೇಸು,” ಎಂದರು. ಸ್ವಲ್ಪ ತಡೆದು, “ನಂದೇ,” ಎಂದರು.

ನಾನು ಕೈಯಲ್ಲಿದ್ದ ಹಾಳೆಗಳಿಗೆ ಪಿನ್ ಹೊಡೆಯುವುದನ್ನು ಮುಂದುವರಿಸಿದೆ. ಇಂಥವರನ್ನು ವಕೀಲರ ಕಚೇರಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೆ ಅಲ್ಲಿ ಅವರು ವಕೀಲರ ಎದುರು ಕೂರುತ್ತಿದ್ದರು, ನನ್ನ ಎದುರಲ್ಲ. ಸ್ಟೂಲು ತೋರಿಸಿ ಕೂತುಕೊಳ್ಳಿ ಎಂದೆ.

ಅವರು ಹೇಳಿದ್ದು ಇಷ್ಟು. ಮೂವತ್ತರ ವಯಸ್ಸಿನಲ್ಲಿ ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಪಕ್ಕದ ಮಿಷನ್ನಿನಲ್ಲಿ ಕೆಲಸ ಮಾಡುವವನೇ ಇವರ ಸ್ನೇಹಿತ. ಅವನ ಮನೆ ಹೆಗ್ಗನಹಳ್ಳಿಯಲ್ಲಿ. ಒಂದು ಭಾನುವಾರ ಇವರು ಅಲ್ಲಿಗೆ ಹೋಗಿದ್ದಾಗ ಮನೆಯ ಹಿತ್ತಿಲಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಸ್ನೇಹಿತ ಕುಡಿದಿದ್ದ. ಇವರು ಕಬ್ಬಿಣದ ಪೈಪಿನಿಂದ ಹೊಡೆದರು. ಮೂರನೆಯ ದಿನ ಆತ ಆಸ್ಪತ್ರೆಯಲ್ಲಿ ತೀರಿಕೊಂಡ. ಇವರಿಗೆ ಐದು ವರ್ಷ ಶಿಕ್ಷೆಯಾಯಿತು. ಬಿಡುಗಡೆಯಾದ ಮೇಲೆ ಇನ್ನೊಂದು ವರ್ಕ್‌ಶಾಪಿನ ಮಾಲೀಕರು ಏನೂ ಕೇಳದೆ ಕೆಲಸ ಕೊಟ್ಟರು. ಈಗ ಆ ಮಾಲೀಕರೂ ಇಲ್ಲ, ವರ್ಕ್‌ಶಾಪೂ ಇಲ್ಲ. ಅಪಾರ್ಟ್‌ಮೆಂಟ್ ಒಂದರಲ್ಲಿ ವಾಚ್‌ಮನ್ ಕೆಲಸಕ್ಕೆ ಕೇಳಿದರೆ ಪೊಲೀಸರಿಂದ ಕಾಗದ ತನ್ನಿ ಎಂದಿದ್ದಾರೆ. ಇವರು ಠಾಣೆಗೆ ಹೋಗಿ ನಡೆದದ್ದನ್ನು ತಾವೇ ಹೇಳಿದ್ದಾರೆ.

“ಅಲ್ಲಿನ ರೈಟರ್ ಒಳ್ಳೇವ್ರು ಮೇಡಂ. ಅಷ್ಟು ಹಳೇದು ಇಲ್ಲಿರಲ್ಲ, ಆಗ ಈ ಸ್ಟೇಷನ್ನೇ ಇರ್ಲಿಲ್ಲ, ಜಡ್ಜ್‌ಮೆಂಟ್ ಕಾಪಿ ತಗೊಂಡು ಬನ್ನಿ ಅಂದ್ರು.”

“ಶಿಕ್ಷೆ ಆದಾಗ ನಿಮ್ಗೇ ಒಂದು ಕಾಪಿ ಕೊಟ್ಟಿರ್ತಾರಲ್ಲ?”

“ಕೊಟ್ಟಿದ್ರು. ಇಂಗ್ಲಿಷಲ್ಲಿತ್ತು. ಜೈಲಲ್ಲಿ ಓದಿ ಹೇಳೋರು ಇದ್ರು, ಕೇಳೋಕೆ ನಂಗೇ ಮನಸ್ಸಾಗ್ಲಿಲ್ಲ. ಆಮೇಲೆ ತಂಗಿ ಮನೇಲಿ ಇಟ್ಟಿದ್ದೆ. ಏನೋ ಹಳೇ ಕಾಗದ ಅಂತ ಅವ್ಳು ಒಲೆಗೆ ಹಾಕಿದ್ಲು.”

ಕೇಸ್ ನಂಬರ್ ಕೇಳಿದೆ. ಗೊತ್ತಿರಲಿಲ್ಲ. ಯಾವ ಕೋರ್ಟು ಎಂದು ಕೇಳಿದೆ. ಮಹಡಿ ಹತ್ತಿ ಎಡಗಡೆ ಎಂದರು. ನಂಬರಿಲ್ಲದೆ ಕೋರ್ಟಿನಲ್ಲಿ ಏನನ್ನೂ ಹುಡುಕಲಾಗದು. ಅಲ್ಲಿ ಕಾಗದಗಳನ್ನು ಮನುಷ್ಯರ ಹೆಸರಿನಲ್ಲಿ ಇಟ್ಟಿರುವುದಿಲ್ಲ, ನಂಬರು ಮತ್ತು ಇಸವಿಯಲ್ಲಿ ಇಟ್ಟಿರುತ್ತಾರೆ. ಅದನ್ನು ಅವರಿಗೆ ವಿವರಿಸುತ್ತಿದ್ದಾಗ, “ಜೈಲ್ ನಂಬರ್ ಆಗುತ್ತಾ?” ಎಂದು ಕೇಳಿ, ನಾಲ್ಕು ಅಂಕಿಗಳನ್ನು ಶಾಲೆಯ ಮಗ್ಗಿಯಂತೆ ಥಟ್ಟನೆ ಹೇಳಿದರು. ಇಪ್ಪತ್ತು ವರ್ಷವಾದರೂ ಮರೆತಿರಲಿಲ್ಲ.

ಅದೇ ಸಾಕಾಯಿತು. ಮಾಹಿತಿ ಹಕ್ಕಿನಡಿ ಕಾರಾಗೃಹಕ್ಕೆ ಒಂದು ಅರ್ಜಿ ಟೈಪ್ ಮಾಡಿದೆ. ಈ ಸಂಖ್ಯೆಯ ಕೈದಿಯಾಗಿದ್ದವನು ನಾನೇ; ನನ್ನ ಶಿಕ್ಷೆಯ ಪ್ರಕರಣದ ಸಂಖ್ಯೆ, ನ್ಯಾಯಾಲಯ ಮತ್ತು ತೀರ್ಪಿನ ದಿನಾಂಕವನ್ನು ನಿಮ್ಮ ರಿಜಿಸ್ಟರಿನಿಂದ ತಿಳಿಸಿ ಎಂದು ಬರೆದೆ. ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಲು ಹೇಳಿದೆ. ಉತ್ತರ ಬರಬೇಕಾದ ವಿಳಾಸವೆಂದು ನನ್ನ ಅಂಗಡಿಯದನ್ನೇ ಕೊಟ್ಟೆವು. ಅವರಿದ್ದ ವಠಾರದಲ್ಲಿ ಯಾರ ಕಾಗದವನ್ನು ಬೇಕಾದರೂ ಯಾರು ಬೇಕಾದರೂ ಒಡೆಯುತ್ತಿದ್ದರು.

ತಿಂಗಳೊಳಗೆ ಉತ್ತರ ಬಂತು. ಮೂರೇ ಸಾಲು. ಸೆಷನ್ಸ್ ಕೇಸಿನ ನಂಬರು, ಕೋರ್ಟು, ದಿನಾಂಕ. ಅದನ್ನು ಹಿಡಿದುಕೊಂಡು ನಾವಿಬ್ಬರೂ ನ್ಯಾಯಾಲಯದ ನಕಲು ವಿಭಾಗಕ್ಕೆ ಹೋದೆವು. ನಾನೇಕೆ ಹೋದೆ ಎಂದು ಮನೆಯಲ್ಲಿ ಕೇಳಿದರು. ಫಾರಂ ತುಂಬಲು ಅವರಿಗೆ ಬರುವುದಿಲ್ಲ ಎಂದೆ. ಅದು ನಿಜ. ಆ ತೀರ್ಪಿನಲ್ಲಿ ಏನಿದೆಯೆಂದು ನನಗೂ ನೋಡಬೇಕಿತ್ತು, ಅದೂ ನಿಜ.

ನಕಲು ಅರ್ಜಿಯಲ್ಲಿ ‘ನಿಮಗೂ ಈ ಪ್ರಕರಣಕ್ಕೂ ಏನು ಸಂಬಂಧ’ ಎಂಬ ಅರ್ಥದ ಒಂದು ಕಾಲಂ ಇತ್ತು. ಆರೋಪಿ ಎಂದು ಬರೆದೆ. ಹೊರಗಿನವರು ಕೇಳಿದ್ದರೆ ಕಾರಣ ಬರೆದು ಅಫಿಡವಿಟ್ ಕೊಡಬೇಕಾಗುತ್ತಿತ್ತು. ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಕಿಟಕಿಯೊಳಗೆ ಕೊಟ್ಟೆ. ಅಲ್ಲಿದ್ದ ಗುಮಾಸ್ತೆ ಇಸವಿ ನೋಡಿ ಹುಬ್ಬೇರಿಸಿದರು.

“ಇಷ್ಟು ಹಳೇ ಫೈಲಲ್ಲಿ ಸಾಕ್ಷಿ ಹೇಳಿಕೆ, ಮಹಜರು ಎಲ್ಲಾ ನಾಶ ಮಾಡಿರ್ತಾರಮ್ಮ. ಜಡ್ಜ್‌ಮೆಂಟ್ ಮಾತ್ರ ಇದ್ದರೆ ಇರಬಹುದು. ರೆಕಾರ್ಡ್ ರೂಮಿಗೆ ಕಳಿಸ್ತೀನಿ. ಮೂರು ವಾರ ಬಿಟ್ಟು ಬನ್ನಿ.”

ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆವು. ಮೂರನೆಯ ಸಲ ಒಂಬತ್ತು ಪುಟದ ದೃಢೀಕೃತ ಪ್ರತಿ ಸಿಕ್ಕಿತು. ಬಸ್ಸಿನಲ್ಲಿ ಅವರು ಅದನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದರು.

“ಓದಿ ಹೇಳ್ತೀರಾ?” ಎಂದು ಕೇಳಿದ್ದು ಅಂಗಡಿಗೆ ಬಂದ ಮೇಲೆಯೇ. ನಾನು ಶಟರ್ ಅರ್ಧ ಎಳೆದು, ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಪುಟಗಳಲ್ಲಿ ದೂರು, ಬಂಧನ, ವೈದ್ಯರ ವರದಿ. ಅವರು ತಲೆಯಾಡಿಸುತ್ತಿದ್ದರು. ಆರನೆಯ ಪುಟದಲ್ಲಿ ಎರಡನೆಯ ಸಾಕ್ಷಿಯ ವಿಷಯ ಬಂತು. ಅದು ಸತ್ತವನ ಹೆಂಡತಿ.

ಆ ದಿನ ತನ್ನ ಗಂಡನೇ ಮೊದಲು ಪೈಪು ಎತ್ತಿ ಆರೋಪಿಯ ಭುಜಕ್ಕೆ ಹೊಡೆದನೆಂದೂ, ಆರೋಪಿ ಅದೇ ಪೈಪನ್ನು ಕಿತ್ತುಕೊಂಡು ಒಂದೇ ಒಂದು ಏಟು ಹಾಕಿದನೆಂದೂ ಆಕೆ ಪಾಟೀಸವಾಲಿನಲ್ಲಿ ಹೇಳಿದ್ದಳು. ಅದರ ಕೆಳಗೆ ನ್ಯಾಯಾಧೀಶರು ಬರೆದಿದ್ದರು: ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆರೋಪಿಯ ಪರವಾಗಿ ಸುಳ್ಳು ಹೇಳುವ ಕಾರಣ ಯಾವುದೂ ಇಲ್ಲ, ಹಾಗಾಗಿ ಇದು ಕೊಲೆಯಲ್ಲ, ಕೊಲೆಯಲ್ಲದ ನರಹತ್ಯೆ.

“ಇನ್ನೊಂದ್ಸಲ ಓದಿ,” ಎಂದರು.

ಓದಿದೆ. ಮತ್ತೊಮ್ಮೆ ಓದಿಸಿದರು.

“ಅವ್ರು ಸಾಕ್ಷಿ ಹೇಳಿದ ದಿನ ನಂಗೆ ಕಾಮಾಲೆ ಆಗಿ ಜೈಲಾಸ್ಪತ್ರೇಲಿದ್ದೆ. ಕೋರ್ಟಿಗೆ ಕರ್ಕೊಂಡು ಹೋಗಿರ್ಲಿಲ್ಲ, ನನ್ನ ಕಡೆ ವಕೀಲ್ರು ಮಾತ್ರ ಇದ್ರು. ಏನ್ ಹೇಳಿದ್ರು ಅಂತ ನಾನೂ ಯಾರನ್ನೂ ಕೇಳ್ಲಿಲ್ಲ. ಪೊಲೀಸ್ರು ನನ್ನ ಹಿಡ್ಕೊಂಡು ಹೋಗೋವಾಗ ನಿನ್ನ ನೇಣಿಗೆ ಹಾಕಿಸ್ತೀನಿ ಅಂತ ಕೂಗಿದ್ರು. ಕಿವೀಲಿ ಅದೇ ಉಳ್ಕೊಂಡಿತ್ತು. ಐದೇ ವರ್ಷ ಆದಾಗ ಜಡ್ಜ್ ಪುಣ್ಯಾತ್ಮರು ಅಂದ್ಕೊಂಡೆ ಮೇಡಂ. ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದೆ.”

ಆ ಮನೆಯಲ್ಲಿ ಅವತ್ತು ದೊಡ್ಡವರು ಮೂರೇ ಜನ ಇದ್ದರು. ಮೊದಲ ಏಟು ಯಾರದೆಂದು ನೋಡಿದವಳು ಆಕೆಯೊಬ್ಬಳೇ. ಗಂಡ ಹೊಡೆಯಲಿಲ್ಲವೆಂದಿದ್ದರೆ ಕೇಳುವವರಿರಲಿಲ್ಲ. ಅವರು ಅಳಲಿಲ್ಲ. ಆ ಒಂದು ಭಾಗವನ್ನು ಕನ್ನಡದಲ್ಲಿ ಟೈಪ್ ಮಾಡಿ ಕೊಡಿ ಎಂದರು, ಕೊಟ್ಟೆ. ಇಡೀ ತೀರ್ಪಿನ ಒಂದು ಜೆರಾಕ್ಸನ್ನು ನನ್ನ ಬಳಿಯೇ ಇಟ್ಟುಕೊಳ್ಳಲು ಹೇಳಿದರು. ತಮ್ಮ ಹತ್ತಿರ ಇದ್ದರೆ ಮತ್ತೆ ಕಳೆದುಹೋಗುತ್ತದೆ ಎಂಬ ಭಯ.

“ಹೆಗ್ಗನಹಳ್ಳಿಗೆ ಹೋಗ್ಬರ್ತೀನಿ,” ಎಂದರು.

“ಬೇಡ. ನಿಮಗೆ ಇವತ್ತು ಗೊತ್ತಾಗಿದೆ. ಅವರಿಗೆ ಅದು ಹಳೇ ವಿಷಯ. ನಿಮ್ಮ ಮುಖ ನೋಡಿದ್ರೆ ಅವ್ರಿಗೆ ಏನಾಗ್ಬೇಡ?”

“ಹೋಗ್ದೇ ಇರಕ್ಕಾಗಲ್ಲ ಮೇಡಂ.”

ವಾರದ ಮೇಲೆ ಬಂದು ನಡೆದದ್ದನ್ನು ಹೇಳಿದರು. ಊರು ಗುರುತು ಸಿಗದ ಹಾಗಾಗಿತ್ತು. ಹೊಲಗಳಿದ್ದ ಕಡೆ ಒಂದರ ಪಕ್ಕ ಒಂದು ಮೂರಂತಸ್ತಿನ ಮನೆ. ಹಿಟ್ಟಿನ ಗಿರಣಿಯವರನ್ನು ಕೇಳಿ ಬಾಗಿಲು ಪತ್ತೆ ಮಾಡಿದರು. ಆಕೆ ಅದೇ ಸೈಟಿನಲ್ಲಿದ್ದರು. ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದವರು ತಕ್ಷಣ ಗುರುತು ಹಿಡಿದರು. ಒಳಗೆ ಕರೆಯಲಿಲ್ಲ. ಹೊರಗಿನ ಮೆಟ್ಟಿಲು ತೋರಿಸಿದರು. ಇವರು ಕೂತು, ಹಿಂದೆ ಕರೆಯುತ್ತಿದ್ದಂತೆ ಅತ್ತಿಗೆ ಎಂದರು. ಹಾಗೆ ಕರೀಬೇಡ ಎಂದು ಆಕೆ ತಡೆದರು. ಟೈಪ್ ಮಾಡಿದ ಹಾಳೆಯನ್ನು ಇವರು ಮುಂದೆ ಚಾಚಿದರು. ಆಕೆ ನಿಂತೇ ಓದಿ, ವಾಪಸ್ಸು ಕೊಟ್ಟರು.

“ನಿಂಗೋಸ್ಕರ ಹೇಳಿದ್ದಲ್ಲ ಅದು. ನಡೆದಿದ್ದು ಹೇಳ್ದೆ. ಇನ್ನೇನಾದ್ರೂ ಹೇಳಿದ್ರೆ ನಂಗೆ ಊಟ ಸೇರ್ತಿರ್ಲಿಲ್ಲ. ಮಗಳು ಬರೋ ಹೊತ್ತಾಯ್ತು, ಹೊರಡು. ಇನ್ನೊಂದ್ಸಲ ಬರಬೇಡ.”

ಇವರು ಕೈಮುಗಿದು ಎದ್ದರು. ಎಲ್ಲಿ ಸಿಕ್ಕಿತು ಆ ಕಾಗದ ಎಂದು ಆಕೆ ಹಿಂದಿನಿಂದ ಕೇಳಿದರಂತೆ. ಇವರು ನನ್ನ ಅಂಗಡಿಯ ಗುರುತು ಹೇಳಿ ಬಂದಿದ್ದರು.

ಮೊದಲು ಕೇಳಿದ್ದ ಕಡೆ ವಾಚ್‌ಮನ್ ಕೆಲಸ ಸಿಗಲಿಲ್ಲ. ಮುಂದೆ ಶ್ರೀಗಂಧದ ಕಾವಲಿನ ಒಂದು ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ, ಸಂಘದ ಕಾರ್ಯದರ್ಶಿಯಾಗಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಂಬತ್ತು ಪುಟಗಳನ್ನೂ ಕೂತು ಓದಿ ಕೆಲಸ ಕೊಟ್ಟರು. ಅದನ್ನು ಹೇಳಲು ಅವರು ಒಮ್ಮೆ ಬಂದಿದ್ದರು. ಅದಾದ ಮೇಲೆ ನಾನು ಅವರನ್ನು ನೋಡಲಿಲ್ಲ.

ಎರಡು ಮೂರು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೆಂಗಸೊಬ್ಬರು ಬಂದರು. ಐವತ್ತರ ಹತ್ತಿರ. ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ. ಅಂಗಡಿಯ ಬೋರ್ಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

“ಕೋರ್ಟಿನ ಕಾಗದ ತೆಗೆಸಿಕೊಟ್ಟೋರು ನೀವೇನಾ?”

ಯಾರೆಂದು ಗೊತ್ತಾಯಿತು. ಹೌದು ಎಂದೆ. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದರೆ ಕೇಳಿಸಿಕೊಳ್ಳಬೇಕು ಎಂದೂ ಅಂದುಕೊಂಡೆ.

“ಅದರಲ್ಲಿ ನಾನು ಹೇಳಿದ್ದು ಇದ್ಯಲ್ಲ, ಅದು ನಂಗೂ ಒಂದು ಬೇಕು. ಅವ್ನಿಗೆ ಹೇಳ್ಬೇಡಿ.”

ತೀರ್ಪನ್ನು ತೆರೆದ ನ್ಯಾಯಾಲಯದಲ್ಲಿ ಓದಿರುತ್ತಾರೆ. ಕಾರಣ ಬರೆದು ಅರ್ಜಿ ಹಾಕಿದರೆ ಯಾರು ಬೇಕಾದರೂ ಪ್ರತಿ ಕೇಳಬಹುದು. ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಡ್ರಾಯರಿನಲ್ಲಿದ್ದ ಜೆರಾಕ್ಸ್ ತೆಗೆದು ಇನ್ನೊಂದು ಪ್ರತಿ ಮಾಡಿದೆ. ಕನ್ನಡದ ಹಾಳೆ ಕಂಪ್ಯೂಟರಿನಲ್ಲಿತ್ತು, ಅದನ್ನೂ ಪ್ರಿಂಟ್ ತೆಗೆದೆ. ಅವರು ಸ್ಟೂಲಿನ ಮೇಲೆ ಕೂತು, ಕನ್ನಡದ ಹಾಳೆಯನ್ನು ತುಟಿ ಅಲುಗಿಸುತ್ತಾ ನಿಧಾನವಾಗಿ ಓದಿದರು.

“ಇಷ್ಟೇನಾ? ಇಂಗ್ಲಿಷಲ್ಲೂ ನಾನು ಹೇಳಿದ್ದು ಇಷ್ಟೇನಾ?”

“ಇಷ್ಟೇ ಇದೆ.”

“ನಾನು ತುಂಬಾ ಹೇಳಿದ್ದೆ. ಮಗಳಿಗೆ ಆಗ ನಾಲ್ಕು ತಿಂಗಳು. ಹಾಲು ಕುಡಿಸ್ತಾ ಇದ್ದೆ, ಕಿಟಕೀಲಿ ನೋಡ್ದೆ ಅಂತ ಹೇಳಿದ್ದೆ. ಬೆಳಿಗ್ಗೆಯಿಂದ ಕುಡೀಬೇಡಿ ಅಂತ ನಮ್ಮನೆಯವ್ರ ಕೈ ಹಿಡ್ಕೊಂಡೆ ಅಂತ ಹೇಳಿದ್ದೆ. ಅವ್ರು ಕುಡೀದೇ ಇದ್ದಾಗ ಎಷ್ಟು ಚೆನ್ನಾಗಿರ್ತಿದ್ರು ಅಂತಾನೂ ಹೇಳಿದ್ದೆ. ಜಡ್ಜ್ ಬರೆಸ್ತಾ ಇದ್ರು, ಪಕ್ಕದಲ್ಲಿ ಒಬ್ಬರು ಟೈಪ್ ಮಾಡ್ತಾ ಇದ್ರು. ನಿಮ್ಮ ಹಾಗೆ.”

ಸಾಕ್ಷಿಗಳ ಹೇಳಿಕೆಗಳನ್ನು ಅವಧಿ ಮುಗಿದ ಮೇಲೆ ನಾಶಮಾಡುತ್ತಾರೆ, ತೀರ್ಪಿಗೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಎತ್ತಿ ಬರೆದಿದ್ದಾರೆ ಎಂದು ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹಾಗಾದ್ರೆ ಅದು ಎಲ್ಲೂ ಇಲ್ವಾ?”

“ಇಲ್ಲ.”

ಅವರು ಒಂಬತ್ತು ಪುಟಗಳನ್ನು ಎಣಿಸಿ, ಕನ್ನಡದ ಹಾಳೆಯನ್ನು ಮೇಲಿಟ್ಟು, ಮಡಿಸದೆ ಬುಟ್ಟಿಯಲ್ಲಿ ನಿಲ್ಲಿಸಿದರು. ನಾನು ಬೇಡವೆಂದರೂ ಜೆರಾಕ್ಸಿನ ಚಿಲ್ಲರೆಯನ್ನು ಟೇಬಲ್ಲಿನ ಮೇಲಿಟ್ಟರು. ಗೇಟಿನ ತನಕ ಹೋಗಿ, ನಿಂತು, ಹೆಗ್ಗನಹಳ್ಳಿ ಕಡೆಯ ಬಸ್ಸು ಯಾವ ಸ್ಟಾಪಿನಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಎರಡನೇ ಕ್ರಾಸ್ ದಾಟಿ ಮೇನ್ ರೋಡಿಗೆ ಹೋಗಿ ಎಂದೆ.