ಗೋಡೆಯ ಟೀವಿಯಲ್ಲಿ ಬಾರದ ಹೆಸರು

ನನ್ನ ಗಂಡನಾಗಿದ್ದವನನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ದೊಡ್ಡ ಮನಸ್ಸು ಮಾಡುತ್ತೇನೆಂದು ಯಾರೂ ಕಾಯುವುದು ಬೇಡ. ಬೇಗೂರಿನಲ್ಲಿ ಅರಿಸಿನದ ವ್ಯಾಪಾರ ಮಾಡುವ ಅವನು ಇನ್ನೊಬ್ಬಳನ್ನು ಮನೆಗೆ ಕರೆತಂದಾಗ ಊರವರು ನ್ಯಾಯಕ್ಕೆ ಕೂತಿದ್ದರು. ಎಲ್ಲರೆದುರು ನನ್ನ ಮುಖಕ್ಕೆ ಹೇಳಿದ: "ನನ್ ಹೆಸ್ರು ತಗುದ್ಬುಟ್ರೆ ನಿನ್ನ ನಾಯಿನೂ ಮೂಸಕಿಲ್ಲ ಕಣ, ಓಗು."

ಆ ದಿನ ನನ್ನ ಪರವಾಗಿ ಬಾಯಿಬಿಟ್ಟವರು ಒಬ್ಬರೇ, ಅವನ ತಂದೆ. "ತಪ್ಪು ನಿಂದು ಕಣ್ಲಾ. ಆ ಎಣ್ಮಗಿಗೆ ಯಾಕ್ ಅಂತೀಯ?" ಎಂದರು. ಅಷ್ಟಕ್ಕೇ ಅವನು ತಂದೆಯನ್ನೂ ಹೊರಗೆ ಹಾಕಿದ. ಮಾವ ಕುದೇರಿನಲ್ಲಿ ಮಗಳ ಮನೆ ಸೇರಿ, ಅಲ್ಲೇ ತೀರಿಕೊಂಡರು. ಮಣ್ಣಿಗೆ ನಾನು ಹೋಗಿದ್ದೆ, ಅವನು ಬರಲಿಲ್ಲ. ಆ ಮುದುಕನ ಹೆಸರು ಇನ್ನು ತನ್ನ ಬಾಯಲ್ಲಿ ಬರುವುದಿಲ್ಲವೆಂದು ಆಣೆ ಇಟ್ಟಿದ್ದಾನೆ ಎಂದು ಅಲ್ಲಿ ಸೇರಿದ್ದವರೇ ಮಾತಾಡಿಕೊಂಡರು.

ನಾನು ಗುಂಡ್ಲುಪೇಟೆಯಲ್ಲಿ ಅಣ್ಣನ ಮನೆಗೆ ಬಂದೆ, ಕಂಪ್ಯೂಟರ್ ಕಲಿತೆ, ಚಾಮರಾಜನಗರದ ಒಂದು ಮೂಳೆ ಆಸ್ಪತ್ರೆಯಲ್ಲಿ ಕೆಲಸ ಹಿಡಿದೆ. ಬೆಳಗಿನ ಬಸ್ಸು, ಸಂಜೆಯ ಬಸ್ಸು, ನಡುವೆ ರೋಗಿಗಳ ವಿವರ ತುಂಬುವ ಫಾರಂ. ಆ ಫಾರಂ ನಾನೇ ಮಾಡಿದ್ದು. ಹೆಸರಿಗೆ ಒಂದು ಖಾನೆ, ತಂದೆ ಅಥವಾ ಗಂಡನ ಹೆಸರಿಗೆ ಇನ್ನೊಂದು, ಊರಿಗೆ ಮತ್ತೊಂದು. ಆದರೆ ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಅದಕ್ಕೆ ಡಾಕ್ಟರು ಎಲ್ಲವನ್ನೂ ಒಂದೇ ಸಾಲಿನಲ್ಲಿ ತೋರಿಸು ಎಂದರು, ಪಹಣಿಯಲ್ಲಿ ಬರೆಯುವ ಹಾಗೆ: ಗಂಡಸಾದರೆ ಇಂಥವನು ಬಿನ್ ಇಂಥವರು ಎಂದು ತಂದೆಯ ಹೆಸರು, ಹೆಂಗಸಾದರೆ ಇಂಥವಳು ಕೋಂ ಇಂಥವರು ಎಂದು ಗಂಡನ ಹೆಸರು, ಆಮೇಲೆ ಊರು. ಆ ಸಾಲೇ ಹೊರಗಿನ ಗೋಡೆಯ ಟೀವಿಯಲ್ಲೂ ಬರುತ್ತಿತ್ತು. ನರ್ಸಮ್ಮ ಅದನ್ನು ನೋಡಿಯೇ ರೋಗಿಗಳನ್ನು ಒಳಗೆ ಕರೆಯುತ್ತಿದ್ದರು.

ಖಾನೆಗಳ ನಡುವೆ ಪ್ಲಸ್ ಚಿಹ್ನೆ ಹಾಕಿ ಜೋಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಶುರುವಾದ ದಿನವೇ ಉಡಿಗಾಲದ ಒಬ್ಬ ಅಜ್ಜಿ ಬೆಳಗ್ಗೆ ಬಂದವರು ಮಧ್ಯಾಹ್ನವಾದರೂ ಕೂತೇ ಇದ್ದರು. ಯಾಕೆಂದು ನೋಡಿದರೆ ಟೀವಿಯಲ್ಲಿ ಅವರ ಸಾಲು ಬರೀ ಬಿಳಿ. ಕೌಂಟರಿನ ಹುಡುಗಿ ಗಂಡನ ಹೆಸರು ಕೇಳಿದ್ದಳು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ಅವ್ರೆಸ್ರ ನಾನೆಂಗವ್ವ ಏಳ್ಲಿ?" ಎಂದಿದ್ದರು. ಹುಡುಗಿ ನಕ್ಕು ಆ ಖಾನೆಯನ್ನು ಹಾಗೇ ಬಿಟ್ಟಿದ್ದಳು. ಪ್ಲಸ್‌ನ ಗುಣ ನನಗೆ ಆಗ ತಿಳಿಯಿತು. ಜೋಡಿಸುವುದರಲ್ಲಿ ಒಂದು ಖಾನೆ ಖಾಲಿ ಇದ್ದರೂ ಇಡೀ ಸಾಲನ್ನೇ ಅದು ಖಾಲಿ ಮಾಡಿಬಿಡುತ್ತದೆ.

ಅಜ್ಜಿಯನ್ನು ಒಳಗೆ ಕಳಿಸಿ ಬಂದು, ಪರೀಕ್ಷೆಗೆಂದು ನನ್ನದೇ ಹೆಸರು ತುಂಬಿದೆ. ಊರು ತುಂಬಿದೆ. ಗಂಡನ ಖಾನೆ ಬಿಟ್ಟೆ. ಜೋಡಿಸಿದ ಸಾಲಿನಲ್ಲಿ ನಾನಿರಲಿಲ್ಲ. ಅಂದು ಅವನು ಬೊಗಳಿದ್ದನ್ನು ನನ್ನ ಕೈಯಿಂದಲೇ ನಿಜ ಮಾಡಿ ಕೂರಿಸಿದ್ದೆ.

ಅಲ್ಲೇ ಕೂತು ಹೆಂಗಸರ ಸಾಲನ್ನು ಬದಲಾಯಿಸಿದೆ. ಪ್ಲಸ್ ತೆಗೆದು, ಇದ್ದಷ್ಟನ್ನು ತೋರಿಸುವ ಇನ್ನೊಂದು ಚಿಹ್ನೆ ಹಾಕಿದೆ. ಕೋಂ ಎಂಬುದನ್ನು ಮಾತ್ರ ಗಂಡನ ಹೆಸರಿಗೆ ಪ್ಲಸ್‌ನಿಂದಲೇ ಕಟ್ಟಿದೆ. ಅವನಿಲ್ಲದಿದ್ದರೆ ಅದೂ ಅವನ ಹಿಂದೆಯೇ ತೊಲಗಲಿ ಎಂದು. ಮತ್ತೆ ನೋಡಿದಾಗ ನನ್ನ ಹೆಸರು, ನನ್ನ ಊರು, ನಡುವೆ ಯಾರೂ ಇಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಗಂಡಸರ ಸಾಲನ್ನು ಮುಟ್ಟಲಿಲ್ಲ. ಈ ಸೀಮೆಯಲ್ಲಿ ಯಾವ ಗಂಡಸು ಅಪ್ಪನ ಹೆಸರು ಹೇಳಲು ನಾಚುತ್ತಾನೆ? ಕೇಳುವ ಮೊದಲೇ ಹೇಳುತ್ತಾರೆ. ಹೇಳದವನು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬನೇ. ಅರಿಸಿನದ ಮೂಟೆ ಎತ್ತಿ ಎತ್ತಿ ಅವನ ಮಂಡಿ ನಾನಿದ್ದಾಗಲೇ ಸವೆಯಲು ಶುರುವಾಗಿತ್ತು. ಬರುತ್ತಾನೆ ಎಂದು ಕಾದೆ.

ಬಂದ. ಕುಂಟಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ನಾನು ಗಾಜಿನ ಹಿಂದೆ ಕೂತಿದ್ದರಿಂದ ಅವನು ನನ್ನನ್ನು ಕಾಣಲಿಲ್ಲ. ಕೌಂಟರಿನ ಹುಡುಗಿ ತಂದೆಯ ಹೆಸರು ಕೇಳಿದಳು. "ಅದ್ಯಾಕಮ್ಮಿ, ಬುಡು. ಬೇಗೂರು ಅಂತ ಬರ್ಕೊ, ಎಲ್ಲಾರ್ಗೂ ಗೊತ್ತು ನಾನು" ಎಂದ. ಹುಡುಗಿ ಬಿಟ್ಟಳು. ನಾನು ಏಳಬಹುದಿತ್ತು. ಏಳಲಿಲ್ಲ.

ಅವನ ನಂತರ ಬಂದವರೆಲ್ಲ ಒಳಗೆ ಹೋಗಿ, ಔಷಧಿ ಚೀಟಿ ಹಿಡಿದು ಹೊರಗೆ ಬಂದರು. ಅವನು ಟೀವಿ ನೋಡುತ್ತಾ, ಮಂಡಿ ನೀವಿಕೊಳ್ಳುತ್ತಾ ಕೂತಿದ್ದ. ನಾನು ಕೆಲಸ ಮಾಡುವ ಹಾಗೆ ನಟಿಸಿಕೊಂಡು ಅವನನ್ನೇ ನೋಡುತ್ತಿದ್ದೆ. ಅಷ್ಟು ಸುಖವಾದ ಬೆಳಗನ್ನು ನಾನು ಅವನ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಊಟದ ಹೊತ್ತಿಗೆ ಎದ್ದು ಬಂದು ಕೌಂಟರ್ ಬಡಿದ. "ಏನಮ್ಮಿ, ಒತ್ತಾರಿಂದ ಕೂತಿವ್ನಿ, ನನ್ ಹೆಸ್ರೇ ಬರ್ನಿಲ್ವಲ್ಲ!" ಹುಡುಗಿ ಬೆದರಿದಳು. ಅವಳನ್ನು ಪಕ್ಕಕ್ಕೆ ಸರಿಸಿ ನಾನು ಆ ಕುರ್ಚಿಯಲ್ಲಿ ಕೂತೆ. ನನ್ನ ಗುರುತು ಹಿಡಿದು ಅವನು ಕೌಂಟರಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ತಂದೆ ಹೆಸ್ರು ಕೊಟ್ಟಿಲ್ಲ ನೀವು. ಅದಿಲ್ದೆ ನಿಮ್ ಹೆಸ್ರು ಬರಲ್ಲ" ಎಂದೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಂಗೊತ್ತಲ್ಲ. ನೀನೇ ಆಕ್ಕೊ."

"ನಂಗೆಂಗ್ರೀ ಗೊತ್ತಾಗುತ್ತೆ? ನಾನ್ಯಾರು ನಿಮ್ಗೆ?"

ತುಟಿಯೊಳಗೇ ಏನೋ ಅಂದ. ನನಗೆ ಕೇಳಿಸಿತ್ತು. "ಕೇಳಿಸ್ಲಿಲ್ಲ, ಜೋರಾಗೇಳಿ" ಎಂದೆ. ಹಿಂದಿನ ಬೆಂಚಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದ್ದರು. ಕೊನೆಗೆ ಮಾವನ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಒಂದೊಂದೇ ಅಕ್ಷರ ಒತ್ತಿದೆ. ಗೋಡೆಯ ಮೇಲೆ ಅವನ ಸಾಲು ಮೂಡಿತು. ಅವನು ತಲೆಯೆತ್ತಿ ನೋಡಿದ. ಕಣ್ಣು ಸ್ವಲ್ಪ ತೇವವಾಗಿತ್ತೇನೋ. ನನಗೆ ಅದರಿಂದ ಏನೂ ಅನ್ನಿಸಲಿಲ್ಲ. "ಡಾಕ್ಟ್ರು ಊಟಕ್ಕೋದ್ರು, ಕೂತ್ಕಳಿ" ಎಂದು ಹೇಳಿ ನನ್ನ ಡಬ್ಬಿ ಬಿಚ್ಚಿದೆ.

ಅವನು ತೋರಿಸಿಕೊಂಡು ಹೋದ ಮೇಲೆ ಸಂಜೆಯ ಬಸ್ಸಿಗಿನ್ನೂ ಹೊತ್ತಿತ್ತು. ಗಂಡಸರ ಸಾಲಿನ ಪ್ಲಸ್ ಕೂಡ ತೆಗೆದುಹಾಕಿದೆ. ಇನ್ನು ಅದರ ಅಗತ್ಯವಿರಲಿಲ್ಲ.