ವೈನಿಯ ಭುಜ, ಸವಣೂರಿನ ಸುತ್ತಿಗೆ

ನಮ್ಮ ಕಂಬಾರಸಾಲಿಯಲ್ಲಿ ಇಕ್ಕುಳ, ಸಣ್ಣ ಸುತ್ತಿಗೆ ಅಣ್ಣನವು, ಸಮ್ಮಟಿಗೆ ವೈನಿಯದು. ಮದುವೆಯಾಗಿ ಬಂದ ವರ್ಷವೇ ಅಣ್ಣನ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡಿದ್ದಳು. ನಮ್ಮೂರು ದುಂಡಸಿಗೆ ಹೊಸದಾಗಿ ಬಂದ ಮಾಸ್ತರರೋ ಬ್ಯಾಂಕಿನವರೋ ಹೆಂಗಸು ಸಮ್ಮಟಿಗೆ ಎತ್ತುವುದನ್ನು ಕಂಡು ಸೈಕಲ್ಲು ಮೋಟರು ನಿಲ್ಲಿಸಿ ನೋಡಿದರೆ, ಇದರಲ್ಲಿ ನೋಡುವಂಥದ್ದೇನಿದೆ ಎಂದು ನಮಗೆ ಅನ್ನಿಸುತ್ತಿತ್ತು. ನಮ್ಮ ಅವ್ವನೂ ಹೊಡೆದವಳೇ, ಅವ್ವನ ಅತ್ತೆಯೂ ಹೊಡೆದವಳೇ.

ಹೋದ ವರ್ಷ ಸಂಕ್ರಾಂತಿ ದಾಟಿದ ಮೇಲೆ ವೈನಿಯ ಬಲಭುಜ ಮೇಲೇಳದಾಯಿತು. ತಲೆ ಬಾಚಿಕೊಳ್ಳಬೇಕೆಂದರೂ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿಯಬೇಕು. ಹುಬ್ಬಳ್ಳಿಯ ಡಾಕ್ಟರರಿಗೆ ಎಕ್ಸ್‌ರೇ ಫೋಟೋ ತೆಗೆಸಿ ತೋರಿಸಿದೆವು. ಇನ್ನೊಂದು ಹಂಗಾಮು ಈಕೆ ಸಮ್ಮಟಿಗೆ ಹೊಡೆದರೆ ಆ ಕೈ ತುತ್ತು ಎತ್ತಲಿಕ್ಕೂ ಉಳಿಯುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಅಣ್ಣ ಬಸ್ಸಿನಲ್ಲಿ ಶಿಗ್ಗಾಂವಿಯವರೆಗೂ ಕಿಟಕಿಯ ಹೊರಗೇ ನೋಡಿದ.

ಸಮ್ಮಟಿಗೆ ಇಲ್ಲದೆ ಕುಡಗೋಲು, ಕಳೆ ತೆಗೆಯುವ ಕುರ್ಚಿಗಿ ಮಾಡಬಹುದು. ಕೊಡಲಿ, ಗುದ್ದಲಿ ಆಗುವುದಿಲ್ಲ. ರೈತರು ತಂದು ಹಾಕುವ, ನೇಗಿಲಿನ ಸವೆದ ಕುಡ ಹಣಿದು ತುದಿ ತೆಗೆಯುವುದಂತೂ ಆಗುವುದೇ ಇಲ್ಲ. ನಮ್ಮ ಸಾಲಿ ನಡೆಯುತ್ತಿದ್ದದ್ದೇ ಆ ಕುಡಗಳಿಂದ. ಸಮ್ಮಟಿಗೆ ಹೊಡೆಯುವ ಆಳು ಯಾರೂ ಸಿಗಲಿಲ್ಲ. ಮಿರಗದ ಮಳೆ ಬಿದ್ದು ಬಿತ್ತನೆ ಶುರುವಾಗುವುದರೊಳಗೆ ಏನಾದರೊಂದು ದಾರಿ ಆಗದಿದ್ದರೆ ಒಂದೋ ಸಾಲಿ ಮುಚ್ಚಬೇಕು, ಇಲ್ಲವೋ ವೈನಿ ಮತ್ತೆ ಸಮ್ಮಟಿಗೆ ಹಿಡಿಯುತ್ತಾಳೆ. ಎರಡನೆಯದೇ ಆಗುವುದು ಎಂದು ನನಗೆ ಗೊತ್ತಿತ್ತು. ಆಕೆ ಆಗಲೇ ಎಣ್ಣೆ ತಿಕ್ಕಿಕೊಂಡು, ನೋವು ಹತೋಟಿಗೆ ಬಂದಿದೆ ಎಂದು ಹೇಳಲು ಶುರು ಮಾಡಿದ್ದಳು.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು, ನಿವೃತ್ತನಾಗಿ ಊರಿಗೆ ಬಂದಿದ್ದೆ. ಕುಲುಮೆಯ ಕೆಲಸ ನನಗೆ ಹತ್ತಿದ್ದು ಅಷ್ಟಕ್ಕಷ್ಟೇ. ಆದರೆ ಮಶೀನು ಎಂದರೆ ತಿಳಿಯುತ್ತದೆ. ಕರೆಂಟಿನ ಮೇಲೆ ನಡೆಯುವ ಹಳೆಯ ಸುತ್ತಿಗೆ ಯಂತ್ರ ಎಲ್ಲಾದರೂ ಬಿದ್ದಿದ್ದರೆ ತಂದು ರಿಪೇರಿ ಮಾಡಿ ಕೂಡಿಸೋಣ ಎಂದು ನಾನೇ ಅಂದೆ.

ಅಮಾವಾಸ್ಯೆಯ ದಿನ ಕುಲುಮೆಗೆ ಬೆಂಕಿ ಹಾಕುವುದಿಲ್ಲ. ಅವತ್ತು ಇಬ್ಬರೂ ಹಾನಗಲ್ಲಿಗೆ ಹೋದೆವು. ಅಲ್ಲಿ ಒಂದು ಗುಜರಿಯಲ್ಲಿ ಅಂಥದೊಂದು ಯಂತ್ರ ಹೊಸ ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ನನ್ನ ಕಣ್ಣಿಗೆ ಚೆಂದವೇ ಕಂಡಿತು. ಅಣ್ಣ ಕಿಸೆಯಿಂದ ಸಣ್ಣದೊಂದು ಬೋಲ್ಟು ತೆಗೆದು ಅದರ ಮೈಗೆಲ್ಲ ತಟ್ಟುತ್ತ ಬಂದ. ಮೇಲೆಲ್ಲ ಗಂಟೆಯ ಹಾಗೆ ಸದ್ದು ಬರುತ್ತಿತ್ತು. ಕುತ್ತಿಗೆಯ ಹತ್ತಿರ ಮಾತ್ರ ಒಡಕು ಬಿಂದಿಗೆಯ ಸದ್ದು. ಬಣ್ಣ ಕೆರೆದು ನೋಡಿದರೆ ಗೇಣುದ್ದದ ಸೀಳು. ಗುಜರಿಯವನು ನಮಗಿಂತ ಹೆಚ್ಚು ಬೆರಗಾದವನ ಹಾಗೆ ಮುಖ ಮಾಡಿ ಚಹಾ ತರಿಸಿದ. ಕುಡಿದು ಬಂದೆವು.

ನಮಗೆ ಒದಗಿದ್ದು ಸವಣೂರಿನದು. ಎತ್ತಿನ ಬಂಡಿಯ ಅಚ್ಚು ಮಾಡುತ್ತಿದ್ದ ಕಾರ್ಖಾನೆಯೊಂದು ಮುಚ್ಚಿ ಬಹಳ ಕಾಲವಾಗಿತ್ತು. ಹಿತ್ತಲಿನ ತಗಡಿನ ಕೆಳಗೆ ಆ ಯಂತ್ರಕ್ಕೆ ಆಡು ಕಟ್ಟಿದ್ದರು. ತುಕ್ಕು ಪದರು ಪದರಾಗಿ ಏಳುತ್ತಿತ್ತು, ಆದರೆ ತಲೆಯಿಂದ ಬುಡದವರೆಗೆ ಎಲ್ಲಿ ತಟ್ಟಿದರೂ ಒಂದೇ ಸದ್ದು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅದನ್ನು ಊರಿಗೆ ತಂದಾಗ ವೈನಿ ಬಾಗಿಲಲ್ಲಿ ನಿಂತು, ನನ್ನ ಸವತಿ ಬಂದಳಲ್ಲ ಎಂದು ನಕ್ಕಳು. ನಗುವಾಗಲೂ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಆಮೇಲಿನ ಎರಡು ತಿಂಗಳು ನನಗೆ ಡಿಪೋದ ದಿನಗಳೇ ಮರಳಿದಂತಾಯಿತು. ಹಿಡಿದುಹೋಗಿದ್ದ ಜಾಯಿಂಟುಗಳಿಗೆ ಸೀಮೆಎಣ್ಣೆ ಬಿಟ್ಟು ಎಂಟು ದಿನ ಕಾದೆ. ತಿರುಗುವ ದಂಡದ ಬುಷ್ಷು ಅಂಡಾಕಾರವಾಗಿ ಸವೆದಿತ್ತು; ಶಿಗ್ಗಾಂವಿಯಲ್ಲಿ ಲೇತ್ ಇಟ್ಟವರ ಕಡೆ ಹೊಸದನ್ನು ಕಡೆಸಿಕೊಂಡು ಬಂದೆ. ಮುರಿದ ಸ್ಪ್ರಿಂಗಿಗೆ ಲಾರಿಯ ಸ್ಪ್ರಿಂಗಿನ ಉಕ್ಕಿನ ಪಾಟಾ ಹೊಂದಿಸಿದೆ. ಮೋಟರು ಹಿರೇಕೆರೂರಿನ ಒಂದು ಖಾರ ಕುಟ್ಟುವ ಗಿರಣಿಯದು. ಅದನ್ನು ಬಿಚ್ಚಿದ ದಿನ ಮನೆಮಂದಿಯೆಲ್ಲ ಸೀನಿದೆವು.

ಬುನಾದಿಯ ಕೆಲಸ ಮಾತ್ರ ಅಣ್ಣ ನನಗೆ ಬಿಡಲಿಲ್ಲ. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆಸಿ, ತಳಕ್ಕೆ ಜಾಲಿಮರದ ತುಂಡುಗಳನ್ನು ನಿಲ್ಲಿಸಿ, ಅದರ ಮೇಲೆ ಯಂತ್ರ ಕೂಡಿಸಿದ. ಕಾಂಕ್ರೀಟು ಹಾಕಿದರೆ ಸಾಕಾಗಿತ್ತಲ್ಲ ಎಂದೆ. ಕಬ್ಬಿಣಕ್ಕೆ ಕಟ್ಟಿಗೆಯ ಹಾಸಿಗೆ ಬೇಕು ಅಂದ. ಅವನು ಆ ಯಂತ್ರದ ಬಗ್ಗೆ ಪ್ರೀತಿಯಿಂದ ಆಡಿದ ಮಾತು ಅದೊಂದೇ.

ಯಂತ್ರ ನಡೆಯುವ ರೀತಿ ಬಹಳ ಸರಳ. ಕೆಳಗೆ ಕಾಲಲ್ಲಿ ತುಳಿಯುವ ಒಂದು ಕಬ್ಬಿಣದ ಪಟ್ಟಿ. ತುಳಿದರೆ ಮೋಟರಿನ ಬೆಲ್ಟು ಬಿಗಿಯಾಗಿ ಸುತ್ತಿಗೆ ಬೀಳುತ್ತದೆ. ಜೋರು ತುಳಿದಷ್ಟೂ ಜೋರು. ಕಾಲೆತ್ತಿದರೆ ನಿಲ್ಲುತ್ತದೆ. ನಾನು ತಣ್ಣನೆಯ ಸೀಸದ ತುಂಡಿಟ್ಟು ಹೊಡೆದು ತೋರಿಸಿದೆ. ಗೋಡೆಯ ಗೂಡಿನಲ್ಲಿದ್ದ ಲೋಟ ಕೂಡ ಅಲುಗಲಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡೆ.

ಮರುದಿನ ಅಣ್ಣ ಮೊದಲ ಕುಡ ಕಾಸಿದ. ಅಬಲೂರಿನಿಂದ ನೆಂಟರ ಮನೆಗೆ ಬಂದಿದ್ದ ರೈತನೊಬ್ಬ ಬಿಟ್ಟುಹೋದ ಕುಡ ಅದು. ಎಡಗೈಯಲ್ಲಿ ಇಕ್ಕುಳ ಹಿಡಿದು ಯಂತ್ರದ ಬಾಯಿಗಿಟ್ಟು ತುಳಿದ. ನಾಲ್ಕು ಪೆಟ್ಟಿಗೆ ತುದಿ ಬಂತು. ಆಗ ಅಣ್ಣ ಬಲಗೈಯಲ್ಲಿದ್ದ ಸಣ್ಣ ಸುತ್ತಿಗೆಯಿಂದ ಯಂತ್ರದ ಅಂಚಿಗೆ ಟಣ್ ಟಣ್ ಎಂದು ಎರಡು ಸಲ ಬಡಿದ. ಯಂತ್ರ ನಿಲ್ಲಲಿಲ್ಲ. ಇನ್ನೊಮ್ಮೆ ಜೋರಾಗಿ ಬಡಿದ, ಬಡಿಯುವ ಭರದಲ್ಲಿ ಕಾಲನ್ನೂ ಜೋರಾಗಿ ಒತ್ತಿದ. ನಾನು ಓಡಿಹೋಗಿ ಮೋಟರು ಆರಿಸುವಷ್ಟರಲ್ಲಿ ಕುಡ ರೊಟ್ಟಿಯಾಗಿತ್ತು.

ಅದು ನಮ್ಮ ಸಾಲಿಯ ಪದ್ಧತಿ. ಕೆಲಸ ನಡೆದಾಗ ಬಾಯಿ ತೆರೆಯುವಂತಿಲ್ಲ. ಕಾದ ಕಬ್ಬಿಣದ ಮೇಲೆ ಸಣ್ಣ ಸುತ್ತಿಗೆ ಎಲ್ಲಿ ತಟ್ಟಿತೋ ಅಲ್ಲಿ ಸಮ್ಮಟಿಗೆ ಬೀಳಬೇಕು; ಕಬ್ಬಿಣ ಇಟ್ಟು ಬಡಿಯುವ ಬರಿ ಅಡಿಗಲ್ಲಿಗೆ ಎರಡು ಸಲ ತಟ್ಟಿದರೆ ನಿಲ್ಲಬೇಕು. ಮೂವತ್ತು ವರ್ಷ ಅವನು ತಟ್ಟಿದ್ದಾನೆ, ವೈನಿ ನಿಲ್ಲಿಸಿದ್ದಾಳೆ. ಆ ಮೂವತ್ತು ವರ್ಷದಲ್ಲಿ ಅವನ ಕಾಲಿಗೆ ಯಾವ ಕೆಲಸವೂ ಇರಲಿಲ್ಲ.

ಸಣ್ಣ ಸುತ್ತಿಗೆಯನ್ನು ಕಸಿದು ಒಳಗಿಟ್ಟೆ. ಅಣ್ಣ ಬರಿಗೈಯಿಂದ ತನ್ನ ತೊಡೆಗೆ ಎರಡು ಸಲ ತಟ್ಟಿಕೊಂಡ. ಎರಡನೆಯ ಕುಡವೂ ಹೋಯಿತು. ಪಟ್ಟಿ ತಾನಾಗಿ ಮೇಲೇಳಲೆಂದು ಬಿರುಸಾದ ಸ್ಪ್ರಿಂಗು ಹಾಕಿದೆ. ಅವನು ಅದನ್ನೂ ಅಷ್ಟೇ ಬಿರುಸಾಗಿ ತುಳಿದ. ಮೂರನೆಯ ಕುಡ ಕೆಟ್ಟಾಗ ಅಣ್ಣ ಇಕ್ಕುಳವನ್ನು ನೀರಿನ ದೋಣಿಗೆ ಎಸೆದು, ಈ ಮೊಂಡನನ್ನು ಮರಳಿ ಸವಣೂರಿಗೆ ಸಾಗಿಸು, ಅಲ್ಲಿನ ಆಡುಗಳಾದರೂ ಹಾದಿ ಕಾಯುತ್ತಿರುತ್ತವೆ ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಮೂಲೆಯಲ್ಲಿ ಇನ್ನೂ ಹನ್ನೊಂದು ಕುಡಗಳಿದ್ದವು. ಮಿರಗಕ್ಕೆ ಉಳಿದದ್ದು ಒಂದು ವಾರ.

ವೈನಿ ಒಳಗಿನಿಂದ ಬಂದು ಕಡ್ಡಿಯಂತೆ ನೆಟ್ಟಗೆ ನಿಂತು ಮೂರೂ ಕುಡಗಳನ್ನು ನೋಡಿದಳು. ಆಮೇಲೆ ಮೂಲೆಗೆ ಹೋಗಿ ಎಡಗೈಯಿಂದ ಸಮ್ಮಟಿಗೆಯ ಹಿಡಿಕೆ ಹಿಡಿದು ಎಳೆದಳು.

“ವೈನಿ, ಅದನ್ನ ಮುಟ್ಟಬ್ಯಾಡ್ರಿ,” ಎಂದೆ.

“ಮುಟ್ಟದಿದ್ರ ಈ ಹನ್ನೊಂದು ಯಾರು ಹಣೀತಾರ? ನಿನ್ನ ಮಶೀನ ಹಣೀತೈತೇನು?”

“ಮಶೀನ ಬರೋಬರಿ ಐತ್ರಿ. ಅಣ್ಣಗ ಕಾಲು ಎತ್ತೂದು ನೆನಪು ಉಳಿಯವಲ್ದು.”

ಆಕೆ ಸಮ್ಮಟಿಗೆಯನ್ನು ಅಲ್ಲೇ ಗೋಡೆಗೆ ಒರಗಿಸಿ, ಬಗ್ಗಿ ತುಳಿಯುವ ಪಟ್ಟಿಯನ್ನು ನೋಡಿದಳು. ಕಾಲಿಟ್ಟು ಒಂದು ಸಲ ಒತ್ತಿದಳು, ಬಿಟ್ಟಳು.

“ಇದಕ್ಕ ಭುಜಾ ಬೇಕಾಗಂಗಿಲ್ಲಲ್ಲ ತಮ್ಮಾ?”

“ಇಲ್ರಿ.”

“ಹಂಗಾರ ಇದನ್ನ ಆ ಕಡೆ ತಿರುಗಿಸಿ ಕೊಡು. ಅವ್ರು ಬಡೀಲಿ. ನಾ ನಿಂದ್ರಸ್ತೇನಿ.”

ಎರಡು ತಿಂಗಳು ಆ ಯಂತ್ರದ ಒಂದೊಂದು ಮೊಳೆಯನ್ನೂ ಬಿಚ್ಚಿ ಹಾಕಿದ ನನಗೆ ಇದು ಹೊಳೆದಿರಲಿಲ್ಲ. ವೈನಿಯ ಕೆಲಸ ತಪ್ಪಿಸಲೆಂದೇ ನಾನು ಅದನ್ನು ತಂದಿದ್ದು. ಹಾಗಾಗಿ ಅದರ ಹತ್ತಿರ ಆಕೆಗೆಂದು ಜಾಗವನ್ನೇ ಇಟ್ಟಿರಲಿಲ್ಲ. ಮಧ್ಯಾಹ್ನದೊಳಗೆ ಪಟ್ಟಿಯನ್ನು ಕತ್ತರಿಸಿ, ಹಿಂದಿನಿಂದ ಸುತ್ತು ಹಾಕಿಸಿ, ಎದುರು ಬದಿಗೆ ವೆಲ್ಡಿಂಗ್ ಮಾಡಿದೆ. ವೈನಿ ಅಡಿಗೆಮನೆಯ ಸ್ಟೂಲು ತಂದು ಹಾಕಿಕೊಂಡು ಕುಳಿತಳು. ಅಣ್ಣನಿಗೆ ಸಣ್ಣ ಸುತ್ತಿಗೆ ಮರಳಿ ಕೊಟ್ಟೆ.

ಅವನು ಕುಡದ ಮೇಲೆ ತಟ್ಟಿದ, ಯಂತ್ರ ಅಲ್ಲೇ ಹೊಡೆಯಿತು. ಹಗುರಾಗಿ ತಟ್ಟಿದ, ಅದೂ ಹಗುರಾಗಿ ಹೊಡೆಯಿತು. ಅಂಚಿಗೆ ಎರಡು ಸಲ ಟಣ್ ಟಣ್. ನಿಂತಿತು. ಅಣ್ಣ ತಲೆ ಎತ್ತಲಿಲ್ಲ. ಇನ್ನೊಂದು ಕುಡವನ್ನು ಬೆಂಕಿಗೆ ಹಾಕಿದ.

ಮಿರಗದೊಳಗೆ ಹನ್ನೊಂದೂ ಮುಗಿದವು. ಕೆಟ್ಟ ಮೂರರ ಬದಲಿಗೆ ಅಣ್ಣ ಹೊಸ ಪಾಟಾ ಕಡಿದು ಕುಡ ಮಾಡಿ ಕೊಟ್ಟ. ಡಾಕ್ಟರರು ಮುಂದಿನ ಸಲ ಕೈ ಎತ್ತಿಸಿ ನೋಡಿ, ಈಗ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಕುಂತೇ ಇರ್ತೇನ್ರಿ ಎಂದು ವೈನಿ ಹೇಳಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊನ್ನೆ ಒಂದು ಕೊಡಲಿಯ ಕೆಲಸ ನಡೆದಿತ್ತು. ಅಣ್ಣ ಅಂಚಿಗೆ ಎರಡು ಸಲ ತಟ್ಟಿದ. ಸುತ್ತಿಗೆ ನಿಲ್ಲಲಿಲ್ಲ, ಇನ್ನೂ ಎರಡು ಪೆಟ್ಟು ಬಿದ್ದು ಆಮೇಲೆ ನಿಂತಿತು. ನಾನು ಸ್ಪ್ರಿಂಗು ಜಾರಿತೋ ಏನೋ ಎಂದು ಎದ್ದೆ. ಅಣ್ಣ ಯಂತ್ರವನ್ನು ನೋಡಲಿಲ್ಲ, ವೈನಿಯನ್ನು ನೋಡಿದ.

“ಬಡದದ್ದು ಕೇಳಿಸಲಿಲ್ಲೇನು?”

“ಕೇಳಿಸ್ತು,” ಎಂದಳು ವೈನಿ. “ಎಡಬಾಜು ಇನ್ನಾ ದಪ್ಪ ಇತ್ರಿ. ನಿಮಗ ಈಗೀಗ ಕಾಣವಲ್ದು.”

ಅಣ್ಣ ಇಕ್ಕುಳದಲ್ಲಿದ್ದ ಕೊಡಲಿಯನ್ನು ಕಣ್ಣಿನ ಹತ್ತಿರ ಹಿಡಿದು ಈ ಬದಿ ಆ ಬದಿ ತಿರುಗಿಸಿ ನೋಡಿದ. ಆಮೇಲೆ ನೀರಿಗೆ ಅದ್ದಿದ.