ಜಯಮ್ಮ ಕೊಡದ ಎಳ್ಳು

ನಾನೊಂದು ಸುಳ್ಳು ಹೇಳಿದೆ. ಎರಡೇ ಶಬ್ದದ ಸುಳ್ಳು — "ಜಯಮ್ಮ ಕೊಟ್ರು." ಅವರು ಕೊಟ್ಟಿರಲಿಲ್ಲ. ನಾನು ಕೇಳಿದಾಗ ಬೇಡವೆಂದಿದ್ದರು. ನಾನೇ ಅವರ ಡಬ್ಬಿಗೆ ಕೈ ಹಾಕಿ ಕದ್ದು ತಿಂದಿದ್ದೆ. ಆಮೇಲೆ ನನ್ನ ಹೊಟ್ಟೆಯಲ್ಲಿದ್ದ ಕೂಸು ನಿಲ್ಲದೆ ಹೋದಾಗ ಆ ಪಾಪವನ್ನು ಒಯ್ದು ಅವರ ತಲೆಗೆ ಕಟ್ಟಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ನಮ್ಮವರಿಗೂ, ಮಗಳಿಗೂ. ದೇವರ ಮುಂದೆ ಕೂತಾಗ ಕೂಡ "ತಿಳಿದೋ ತಿಳಿಯದೆಯೋ ಮಾಡಿದ ತಪ್ಪು" ಎಂದು ಸುತ್ತುಬಳಸಿ ಹೇಳಿ ಎದ್ದುಬಿಡುತ್ತೇನೆ. ತಿಳಿದೇ ಮಾಡಿದ್ದು ಅದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯ ಒಂದು ವಠಾರಕ್ಕೆ ನಾನು ಸೊಸೆಯಾಗಿ ಬಂದಿದ್ದೆ. ನಡುವೆ ಅಂಗಳ, ಅಂಗಳದಲ್ಲಿ ಎಲ್ಲ ಮನೆಗೂ ಸೇರಿದ ಒಂದೇ ನಲ್ಲಿ. ನಲ್ಲಿಯ ಪಕ್ಕದಲ್ಲಿ ಕಲಗಚ್ಚಿನ ಬಕೆಟ್ಟು — ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕಿದ್ದು ಹಳಸಿದ್ದು ಎಲ್ಲ ಅದಕ್ಕೆ ಸುರಿಯುತ್ತಿದ್ದೆವು, ಸಂಜೆ ಹಾಲಿನವಳು ಬಂದು ಹಸುವಿಗೆ ಒಯ್ಯುತ್ತಿದ್ದಳು. ಜಯಮ್ಮ ನಮ್ಮ ಎದುರು ಮನೆಯವರು. ಮಾಗಡಿ ಕಡೆಯ ಒಕ್ಕಲುತನದ ಕುಟುಂಬ; ಗಂಡನಿಗೆ ತರಗುಪೇಟೆಯ ಕಾಳಿನ ಮಂಡಿಯಲ್ಲಿ ಕೆಲಸ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಕ್ಕಳಿರಲಿಲ್ಲ.

ನಮ್ಮ ಅತ್ತೆ ಮಡಿಯ ಹೆಂಗಸು. ಜಯಮ್ಮನವರ ಮನೆಯ ಅನ್ನ, ಸಾರು ನಮ್ಮ ಹೊಸಿಲು ದಾಟುವಂತಿರಲಿಲ್ಲ, ಬೇಯಿಸಿದ್ದೆಲ್ಲ ಮುಸುರೆ. ಅವರೆಕಾಯಿ ಕಾಲದಲ್ಲಿ ಅವರ ಒಲೆಯ ಮೇಲೆ ಹಿತಕಿದ ಬೇಳೆ ಕುದಿಯುವಾಗ ಘಮ ಅಂಗಳವೆಲ್ಲ ತುಂಬುತ್ತಿತ್ತು. ಘಮಕ್ಕೆ ಮಡಿ ಮೈಲಿಗೆ ಇಲ್ಲವಲ್ಲ, ನಾನು ಕಿಟಕಿಯಲ್ಲಿ ನಿಂತು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದೆ. ಆದರೆ ಸಂಕ್ರಾಂತಿಯ ಎಳ್ಳಿನ ಮಾತು ಬೇರೆ. ಎಳ್ಳು, ಹೆಚ್ಚಿದ ಕೊಬ್ಬರಿ, ಬೆಲ್ಲದ ಚೂರು, ಹುರಿಗಡಲೆ, ಕಡಲೆಕಾಯಿ ಬೀಜ — ಎಲ್ಲ ಒಣ ಪದಾರ್ಥ, ಮುಸುರೆಯಲ್ಲ. ವರ್ಷದಲ್ಲಿ ಅದೊಂದು ದಿನ ಮಾತ್ರ ಜಯಮ್ಮನವರ ಕೈಯದು ನಮ್ಮ ಮನೆಗಳ ಒಳಗೆ ಬರುತ್ತಿತ್ತು, ಎಲ್ಲರ ಬಾಯಿಗೂ ಹೋಗುತ್ತಿತ್ತು.

ಆ ಒಂದು ದಿನಕ್ಕಾಗಿ ಅವರು ಪಡುತ್ತಿದ್ದ ಪಾಡು! ಮಂಡಿಯಿಂದ ಆರಿಸಿ ತರಿಸಿದ ಎಳ್ಳನ್ನು ತೊಳೆದು, ಉಜ್ಜಿ, ಮಹಡಿಯಲ್ಲಿ ಬಿಳಿ ಪಂಚೆ ಹಾಸಿ ಒಣಗಿಸುತ್ತಿದ್ದರು. ಕೊಬ್ಬರಿಯ ಕಪ್ಪನ್ನು ಹೆರೆದು ಅಡಕತ್ತರಿಯಲ್ಲಿ ಒಂದೇ ಅಳತೆಗೆ ಹೆಚ್ಚುತ್ತಿದ್ದರು. ಊರಿನಿಂದ ತಂದ ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹುಯ್ದು ಗಿಳಿಗಳನ್ನು ಮಾಡುತ್ತಿದ್ದರು. ವಠಾರದಲ್ಲಿ ಬೇರೆ ಯಾರ ಹತ್ತಿರವೂ ಗಿಳಿಯ ಅಚ್ಚು ಇರಲಿಲ್ಲ. ತಟ್ಟೆ ಹಿಡಿದು ಮನೆಮನೆಗೂ ಹೋಗಿ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಮಕ್ಕಳ ಬೊಗಸೆಗೆ ಒಂದು ಗಿಳಿ ಜಾಸ್ತಿಯೇ ಬೀಳುತ್ತಿತ್ತು.

ಆ ವರ್ಷ ನಾನು ಬಸುರಿ. ಮದುವೆಯಾಗಿ ಕೆಲವು ವರ್ಷ ಕಾದು ಕಾದು, ಅತ್ತೆ ಹೊರದ ಹರಕೆಯೇ ಇಲ್ಲ ಎನ್ನುವಷ್ಟಾದ ಮೇಲೆ, ಕೊನೆಗೂ ನಿಂತ ಬಸಿರು. ಮೂರು ತಿಂಗಳು ತುಂಬುತ್ತಿತ್ತಷ್ಟೇ. ಹಬ್ಬದ ಮುಂಚಿನ ಮಧ್ಯಾಹ್ನ ಕೊಬ್ಬರಿ ಹೆಚ್ಚುವ ನೆಪದಲ್ಲಿ ಜಯಮ್ಮನವರ ಮನೆಯಲ್ಲಿ ಕೂತಿದ್ದೆ. ಮಿಕ್ಕ ಎಳ್ಳಿಗೆ ಬೆಲ್ಲ ಹಾಕಿ ಅವರು ಒರಳಲ್ಲಿ ಕುಟ್ಟಿ ಚಿಗಳಿ ಉಂಡೆ ಕಟ್ಟಿ ಡಬ್ಬಿಗೆ ತುಂಬುತ್ತಿದ್ದರು. ಹುರಿದ ಎಳ್ಳು ಬೆಲ್ಲಕ್ಕೆ ಎಣ್ಣೆ ಬಿಡುವ ಆ ವಾಸನೆ — ಏನೂ ಸೇರದೆ ಬರೀ ವಾಂತಿಯಾಗುತ್ತಿದ್ದ ನನಗೆ ಬಾಯಲ್ಲಿ ನೀರೂರಿತು. ಒಂದು ಕೊಡಿ ಎಂದೆ.

"ಬೇಡ ಕಣಮ್ಮ ಗಿರಿಜಾ. ಎಳ್ಳು ಉಷ್ಣ. ಹೆರಿಗೆ ಆಗ್ಲಿ, ಡಬ್ಬಿಗಟ್ಲೆ ಮಾಡ್ಕೊಡ್ತೀನಿ" ಎಂದರು. ಬದಲಿಗೆ ಒಂದು ಬಾಳೆಹಣ್ಣು ಸುಲಿದು ಕೈಗಿಟ್ಟರು.

ಅವರು ಒಣಗಿದ ಎಳ್ಳು ತೆಗೆದುಕೊಂಡು ಬರಲು ಮಹಡಿಗೆ ಹೋದರು. ನಾನು ಡಬ್ಬಿ ತೆಗೆದೆ. ಒಂದು ಉಂಡೆ ಬಾಯಿಗೆ, ಇನ್ನೊಂದರಲ್ಲಿ ಅರ್ಧ ಬಾಯಿಗೆ, ಮೆಟ್ಟಿಲ ಸದ್ದು ಕೇಳಿ ಉಳಿದರ್ಧ ಸೆರಗಿನ ತುದಿಗೆ ಗಂಟು. ಬಂದವರು ಓರೆಯಾಗಿದ್ದ ಮುಚ್ಚಳ ನೋಡಿದರು, ನನ್ನನ್ನು ನೋಡಿದರು. ಬಯ್ಯಲಿಲ್ಲ. ನಗು ತಡೆದುಕೊಂಡು "ಬಾಯಿ ಒರ್ಸ್ಕೋ, ನಿಮ್ಮತ್ತೆ ನೋಡಿದ್ರೆ ಅಷ್ಟೇ" ಎಂದರು. ಒಳ್ಳೆಯ ಮಧ್ಯಾಹ್ನ ಅದು.

ಹಬ್ಬ ಕಳೆದ ಮೇಲೆ, ಆ ವಾರದಲ್ಲೇ, ರಕ್ತ ಕಂಡಿತು. ನರ್ಸಿಂಗ್ ಹೋಮಿಗೆ ಕರೆದೊಯ್ದರು. ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು: "ಇದು ಬೆಳೆಯೋದು ಯಾವಾಗ್ಲೋ ನಿಂತೋಗಿದೆ ಕಣಮ್ಮ, ಹಬ್ಬಕ್ಕೂ ಮುಂಚೇನೇ." ನಾನು ಎಳ್ಳು ತಿಂದದ್ದನ್ನು ಅಳುತ್ತ ಹೇಳಿದೆ. "ಎಳ್ಳು ಪಾಪ, ಏನು ಮಾಡತ್ತೆ? ನೀನು ತಿಂದಿದ್ದಕ್ಕೆ ಆಗಿದ್ದಲ್ಲ" ಎಂದರು. ಅತ್ತೆ ಹೊರಗೆ ಬೆಂಚಿನ ಮೇಲಿದ್ದರು. ನಮ್ಮವರು ಔಷಧಿ ತರಲು ಹೋಗಿದ್ದರು. ಈ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ — ಇದನ್ನು ಮರೆಯದೆ ಮುಂದೆ ಓದಿ.

ಮನೆಗೆ ಬಂದು ಮಲಗಿದ್ದೆ. ಹಬ್ಬದ ಗಡಿಬಿಡಿಯಲ್ಲಿ ಒಗೆಯದೆ ಉಳಿದಿದ್ದ ಸೀರೆಯ ಸೆರಗಿನಲ್ಲಿ ಅತ್ತೆಗೆ ಗಂಟು ಸಿಕ್ಕಿತು. ಅಂಗೈಯಲ್ಲಿ ಆ ಅರ್ಧ ಚಿಗಳಿ ಇಟ್ಟುಕೊಂಡು ಬಂದು ನನ್ನ ಪಕ್ಕ ಕೂತರು. ಕೂಗಾಡಿದ್ದರೆ ನಾನೂ ಹಟ ಮಾಡುತ್ತಿದ್ದೆನೇನೋ. ಅವರು ತಲೆ ಸವರಿದರು. ಅವರ ಕಣ್ಣೂ ಊದಿತ್ತು. "ಬಯ್ಯಲ್ಲಮ್ಮ, ಹೇಳು. ಇದೆಲ್ಲಿಂದ ಬಂತು?" ಎಂದರು.

"ಜಯಮ್ಮ ಕೊಟ್ರು."

ಯಾಕೆ ಹಾಗಂದೆ — ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಅಂತ ಮೊದಮೊದಲು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬರೀ ಹೆದರಿಕೆಯಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದ್ದರೆ, ಕೂಸು ತಾನಾಗಿಯೇ ನಿಂತುಹೋಯಿತು ಎಂದಾಗುತ್ತಿತ್ತು — ಅಂದರೆ ನನ್ನ ಹೊಟ್ಟೆಯದೇ ಕುಂದು. ಆಗಲೇ ಬಂಧುಬಳಗದವರ ಬಾಯಲ್ಲಿ ಆ ಮಾತು ಓಡಾಡುತ್ತಿತ್ತು. ಎಳ್ಳಿನಿಂದ ಹೋಯಿತು ಎಂದರೆ ನನ್ನ ಹೊಟ್ಟೆಗೆ ಕಳಂಕವಿಲ್ಲ. ಬೇರೆಯವರು ತಿನ್ನಿಸಿದರು ಎಂದರೆ ನನ್ನ ಬಾಯಿಗೂ ಕಳಂಕವಿಲ್ಲ. ಇಷ್ಟೆಲ್ಲ ಲೆಕ್ಕ ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಹೇಗೆ ಓಡಿತೋ — ಆದರೆ ಓಡಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಬಾಯಿ ಒರೆಸಿಕೋ ಎಂದು ಪ್ರೀತಿಯಿಂದ ಹೇಳಿದವರ ಮುಖಕ್ಕೇ ನಾನು ಒರೆಸಿದೆ.

ಅತ್ತೆ ಎದ್ದು ಸೀದಾ ಅಂಗಳಕ್ಕೆ ಹೋದರು. ನೀರು ಬರುವ ಹೊತ್ತು, ವಠಾರದ ಹೆಂಗಸರೆಲ್ಲ ನಲ್ಲಿಯ ಹತ್ತಿರವೇ ಇದ್ದರು. ಕಿಟಕಿಯ ಕೆಳಗೆ ಮಲಗಿದ್ದ ನನಗೆ ಒಂದೊಂದು ಮಾತೂ ಕೇಳಿಸಿತು.

"ನಿನಗಿಲ್ಲ ಅಂತ ನಮ್ಮನೆ ಬಸುರಿಗೆ ಉಷ್ಣ ತಿನ್ಸಿದ್ಯಾ? ಇಷ್ಟು ಹೊಟ್ಟೆಕಿಚ್ಚಾ ನಿನಗೆ?"

ನಲ್ಲಿಯ ನೀರು ಕೊಡಕ್ಕೆ ಬೀಳುತ್ತಲೇ ಇತ್ತು. ಆ ಸದ್ದಿನ ನಡುವೆ ಜಯಮ್ಮನವರ ದನಿ ಬಂತು. "ಗಿರಿಜಾ ಹಂಗಂದ್ಲಾ?"

"ಹೂಂ, ಅವಳ ಬಾಯಲ್ಲೇ ಬಂತು."

"ಹಂಗಾದ್ರೆ... ನಾನೇ ಕೊಟ್ಟಿರ್ತೀನಿ ಬಿಡಿ ಅಮ್ಮ."

ಆಗಲಾದರೂ ಎದ್ದು ಹೊರಗೆ ಹೋಗಿ — ಹತ್ತು ಹೆಜ್ಜೆಯೂ ಇರಲಿಲ್ಲ. ಹೋಗಲಿಲ್ಲ. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ. ಹೊರಗೆ ಅವರು ಕೊಡ ಎತ್ತಿಕೊಂಡು ಹೋದ ಸದ್ದಾಯಿತು.

ಆಮೇಲೆ ಯಾರೂ ಜಗಳವಾಡಲಿಲ್ಲ. ಮಕ್ಕಳಿದ್ದವರು ಮಕ್ಕಳನ್ನು ಆ ಮನೆಯ ಕಡೆಯಿಂದ ಮೆಲ್ಲಗೆ ಒಳಗೆ ಕರೆದುಕೊಳ್ಳುತ್ತಿದ್ದರು, ಅಷ್ಟೇ. ಮರುವರ್ಷದ ಸಂಕ್ರಾಂತಿ ಬಂತು. ಜಯಮ್ಮ ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು, ಎಂದಿನಂತೆ ಮನೆಮನೆಗೂ ಬಂದರು. ಎಲ್ಲರೂ ಹೊಸಿಲಲ್ಲೇ ನಿಂತು, ನಗುನಗುತ್ತ ತೆಗೆದುಕೊಂಡರು. ನಮ್ಮ ಮನೆಗೂ ಬಂದರು. ನನ್ನ ಮುಖ ನೋಡದೆ, ನನ್ನ ಕೈಗೆ ಕೊಡದೆ, ಅತ್ತೆಯ ತಟ್ಟೆಗೆ ಸುರಿದು ಹೋದರು. ಸಂಜೆ ಅಕ್ಕಿ ತೊಳೆದ ನೀರು ಚೆಲ್ಲಲು ಅವರು ನಲ್ಲಿಯ ಬಳಿಗೆ ಬಂದಾಗ ನಾನು ಬಾಗಿಲಲ್ಲಿದ್ದೆ. ಕಲಗಚ್ಚಿನ ಬಕೆಟ್ಟಿನಲ್ಲಿ ಎಳ್ಳು, ಕೊಬ್ಬರಿ ತೇಲುತ್ತಿದ್ದವು. ಮೇಲೆ ಅವರ ಸಕ್ಕರೆ ಗಿಳಿಗಳು, ಇನ್ನೂ ಪೂರ್ತಿ ಕರಗದವು. ಒಂದು ಮನೆಯವಲ್ಲ, ಎಲ್ಲ ಮನೆಯವೂ. ನಮ್ಮ ಪಾಲನ್ನು ಅತ್ತೆಯ ಮಾತಿನಂತೆ ಸುರಿದು ಬಂದವಳು ನಾನೇ. ಅವರು ಪಾತ್ರೆ ಹಿಡಿದು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಆಮೇಲೆ ಆ ನೀರನ್ನು ಬಕೆಟ್ಟಿಗೆ ಹಾಕದೆ ಚರಂಡಿಗೆ ಚೆಲ್ಲಿ ಒಳಗೆ ಹೋದರು. ಬೇಸಿಗೆಗೆ ಮುಂಚೆ ಮನೆ ಖಾಲಿ ಮಾಡಿಕೊಂಡು ಹೋದರು.

ನನಗೆ ಆಮೇಲೆ ಮಗಳು ಹುಟ್ಟಿದಳು. ನಾವೂ ಮಲ್ಲೇಶ್ವರಕ್ಕೆ ಬಂದೆವು. ಅತ್ತೆ ತೀರಿಕೊಂಡರು — ಸಾಯುವವರೆಗೂ ಆ ಮಾತನ್ನು ನಿಜವೆಂದೇ ನಂಬಿದ್ದರು, ಅವರಿಗೆ ಮಾಡಿದ ದ್ರೋಹವೂ ಅದರಲ್ಲಿ ಸೇರಿದೆ. ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಸಂಕ್ರಾಂತಿಯ ಹಿಂದಿನ ದಿನ ಎಂಟನೇ ಕ್ರಾಸಿನ ಮಾರ್ಕೆಟ್ಟಿನಲ್ಲಿ ಕಬ್ಬು ಕೊಳ್ಳುತ್ತಿದ್ದೆ. "ಗಿರಿಜಾ ಅಲ್ವಾ?" ಎಂಬ ದನಿ ಕೇಳಿತು. ತಿರುಗದೆಯೇ ಗೊತ್ತಾಯಿತು.

ಕೂದಲು ನೆರೆತಿತ್ತು. ವೈಯಾಲಿಕಾವಲ್‌ನಲ್ಲಿ ಹಿಟ್ಟಿನ ಗಿರಣಿಯ ಎದುರಿಗೇ ಮನೆ ಎಂದರು. ಮಗಳನ್ನು ನೋಡಿ ಅವರ ಮುಖ ಅರಳಿತು. ಕೆನ್ನೆ ಹಿಂಡಲು ಕೈ ಚಾಚಿದರು — ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡರು. ನಾನು ಕಂಡೆ. ಈ ಸಲ ಎಳ್ಳು ಆಯಿತಾ ಎಂದು ಕೇಳಿದೆ. ಬಾಯಿಗೆ ಬೇರೆ ಮಾತೇ ಸಿಗಲಿಲ್ಲವೇ ನನಗೆ!

"ನಾನು ಎಳ್ಳು ಬೀರೋದು ಬಿಟ್ಬಿಟ್ಟೆ ಕಣಮ್ಮ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, ಬಹಳ ದಿನದಿಂದ ಹೇಳಬೇಕೆಂದುಕೊಂಡವರ ಹಾಗೆ: "ಆವತ್ತು ಡಬ್ಬಿನ ಅಟ್ಟದ ಮೇಲೆ ಇಟ್ಟು ಹೋಗ್ಬೇಕಿತ್ತು ನಾನು. ಬಸುರಿ ಕಣ್ಮುಂದೆ ಬಿಟ್ಟು ಹೋದೆ. ನಂದೇ ತಪ್ಪು."

ನನ್ನ ಮೇಲೆ ಒಂದು ಚೂರು ಕೋಪವಿಲ್ಲ. ಕೂಸು ಹೋದದ್ದು ತನ್ನ ಎಳ್ಳಿನಿಂದಲೇ ಎಂದು ಅವರೂ ನಂಬಿಬಿಟ್ಟಿದ್ದರು. ಇಷ್ಟು ವರ್ಷ ಅದನ್ನು ಹೊತ್ತಿದ್ದರು. ಡಾಕ್ಟರು ಅಂದ ಒಂದು ಮಾತು ಸಾಕಿತ್ತು — ಎಳ್ಳು ಪಾಪ ಏನು ಮಾಡತ್ತೆ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಗಳು ಕೈ ಜಗ್ಗುತ್ತಿದ್ದಳು, ಜನ ತಳ್ಳುತ್ತಿದ್ದರು...

"ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಜಯಮ್ಮನೋರೇ, ಬರ್ತೀನಿ" ಎಂದೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ಏನೂ ಇರಲಿಲ್ಲ. ಅಂದಿನಿಂದ ಆ ಗಿರಣಿಗೆ ಗೋಧಿ ಕೊಡುವುದನ್ನೂ ಬಿಟ್ಟು ದೂರದ ಇನ್ನೊಂದಕ್ಕೆ ಹೋಗುತ್ತೇನೆ.

ಹೋದ ತಿಂಗಳು ಒಂದು ಮದುವೆಯಲ್ಲಿ ಹಳೆಯ ವಠಾರದ ಸರೋಜಾ ಸಿಕ್ಕಳು. ಅಂದು ನಲ್ಲಿಯ ಹತ್ತಿರ ಇದ್ದವಳು, ಗಿಳಿಗಳನ್ನು ಬಕೆಟ್ಟಿಗೆ ಹಾಕಿದವಳು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದಳು. ಎಲ್ಲಿಂದ ಧೈರ್ಯ ಬಂತೋ, ಇವಳಿಗಾದರೂ ಹೇಳಿಬಿಡೋಣ ಎಂದುಕೊಂಡು "ನಮ್ಮ ಎದುರು ಮನೆ ಜಯಮ್ಮ..." ಎಂದು ಶುರು ಮಾಡಿದೆ. "ಯಾವ ಜಯಮ್ಮ?" ಎಂದಳು. ಎಷ್ಟು ಗುರುತು ಹೇಳಿದರೂ ಅವಳಿಗೆ ನೆನಪಾಗಲಿಲ್ಲ. "ಇರ್ಬೋದು ಕಣೇ, ಎಷ್ಟು ಜನ ಬಂದ್ರು ಎಷ್ಟು ಜನ ಹೋದ್ರು" ಎಂದು ಪಾಯಸ ಬಡಿಸುವವನನ್ನು ಕರೆದಳು.

ಅಂದವರಿಗೆ, ಕೇಳಿದವರಿಗೆ, ಚೆಲ್ಲಿದವರಿಗೆ ಯಾರಿಗೂ ನೆನಪಿಲ್ಲ. ನನಗೊಬ್ಬಳಿಗೆ ಇದೆ, ಅವರೊಬ್ಬರಿಗೆ ಇದೆ. ನನಗಿರುವುದರಲ್ಲಿ ಅನ್ಯಾಯವೇನೂ ಇಲ್ಲ.

ನಾಳೆ ಭೋಗಿ, ನಾಡಿದ್ದು ಸಂಕ್ರಾಂತಿ. ಮಗಳು ಒಳಗೆ ಕೂತು ಬೆಲ್ಲ ಹೆಚ್ಚುತ್ತಿದ್ದಾಳೆ. ಬೆಳಿಗ್ಗೆ ಆ ರಸ್ತೆಯಲ್ಲಿ ನಡೆದುಹೋಗಿ ನೋಡಿಕೊಂಡು ಬಂದೆ. ಗಿರಣಿಯ ಎದುರಿನ ಮನೆಯ ಜಗಲಿಯಲ್ಲಿ ಜಯಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಿದ್ದರು, ಒಬ್ಬರೇ. ನಾನು ಗೇಟಿನವರೆಗೆ ಹೋಗಿ ವಾಪಸ್ಸು ಬಂದೆ. ಬಂದು ಇದನ್ನು ಬರೆಯುತ್ತಿದ್ದೇನೆ. ಬರೆದದ್ದು ಅವರಿಗೆ ಹೇಳಿದಂತಾಗುವುದಿಲ್ಲ, ಗೊತ್ತಿದೆ.

ನಾಳೆ ಹೋಗುತ್ತೇನೆ. ಎಳ್ಳಿನ ತಟ್ಟೆ ಹಿಡಿದು ಹೋಗುವುದಿಲ್ಲ — ಆ ಹಕ್ಕು ನನಗೆಲ್ಲಿದೆ? ಕ್ಷಮಿಸಿ ಎಂದೂ ಕೇಳುವುದಿಲ್ಲ, ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ, ಅಷ್ಟು ಸುಲಭವಾಗಿ ನಾನು ಪಾರಾಗಬಾರದು. ಡಾಕ್ಟರು ಅಂದದ್ದನ್ನು ಮೊದಲು ಹೇಳುತ್ತೇನೆ. ಆಮೇಲೆ, ಬಾಗಿಲು ಮುಚ್ಚಿಕೊಂಡರೂ ಸರಿ, ಅಕ್ಕಪಕ್ಕದವರಿಗೆ ಕೇಳಿಸಿದರೂ ಸರಿ, ಹೊರಗೆ ನಿಂತು, ಅಂದು ಅತ್ತೆ ಅಂಗಳದಲ್ಲಿ ಅಂದಷ್ಟೇ ಗಟ್ಟಿಯಾಗಿ ಹೇಳುತ್ತೇನೆ: ಜಯಮ್ಮನೋರೇ, ನೀವು ಕೊಡ್ಲಿಲ್ಲ.